ಮುದ್ದುಪಳನಿ ಮತ್ತು ಬೆಂಗಳೂರು ನಾಗರತ್ನಮ್ಮ

ಮುದ್ದುಪಳನಿ ಹದಿನೆಂಟನೆಯ ಶತಮಾನದ ತೆಲುಗು ಕವಯಿತ್ರಿ. ತಂಜಾವೂರಿನ ಮರಾಠ ಅರಸ ಪ್ರತಾಪಸಿಂಹನ (ಆಳ್ವಿಕೆ 1739–1763) ಆಸ್ಥಾನದ ಗಣಿಕೆ, ಸಂಗೀತ ಮತ್ತು ನೃತ್ಯಗಳಲ್ಲಿ ಪಳಗಿದವಳು, ವಿದ್ವಾಂಸರನ್ನು ಕರೆದು ಸನ್ಮಾನಿಸಿದ ಪೋಷಕಿ. ಆಕೆಯ ಮುಖ್ಯ ಕೃತಿ 'ರಾಧಿಕಾ ಸಾಂತ್ವನಮು'. ಈ ಕಾವ್ಯದ ಪೂರ್ಣ ಪಾಠ ಇಂದು ಓದುಗರಿಗೆ ಸಿಗುತ್ತಿದ್ದರೆ ಅದಕ್ಕೆ ಕಾರಣ ನಂಜನಗೂಡಿನಲ್ಲಿ ಹುಟ್ಟಿದ ಕನ್ನಡತಿ, ಗಾಯಕಿ ಬೆಂಗಳೂರು ನಾಗರತ್ನಮ್ಮ (1878–1952). ಕವಿಗೂ ಸಂಪಾದಕಿಗೂ ನಡುವೆ ಒಂದೂವರೆ ಶತಮಾನದ ಅಂತರವಿದೆ. ಆದರೂ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬದುಕನ್ನು ಹೇಳುವುದು ಕಷ್ಟ. ಮುದ್ದುಪಳನಿಯ ಮಾತನ್ನು ಮುದ್ದುಪಳನಿಯ ಬಾಯಲ್ಲೇ ನಮಗೆ ಕೇಳಿಸಿದವರು ನಾಗರತ್ನಮ್ಮ. ಅದಕ್ಕಾಗಿ ಅವರು ಪೊಲೀಸರನ್ನೂ ಪಂಡಿತರನ್ನೂ ಸರ್ಕಾರವನ್ನೂ ಎದುರಿಸಬೇಕಾಯಿತು.

ತಂಜಾವೂರಿನ ಹಿನ್ನೆಲೆ

ತಮಿಳು ನಾಡಿನ ನಡುವೆ ತೆಲುಗು ಕಾವ್ಯ ಅರಳಿದ್ದು ವಿಜಯನಗರದ ನಾಯಕರ ಕಾಲದಲ್ಲಿ. ರಘುನಾಥ ನಾಯಕನ ಆಸ್ಥಾನದಲ್ಲಿ ರಾಮಭದ್ರಾಂಬೆ ಸಂಸ್ಕೃತದಲ್ಲಿ 'ರಘುನಾಥಾಭ್ಯುದಯ'ವನ್ನು ಬರೆದಳು. ಮಧುರವಾಣಿ ಎಂಬ ಇನ್ನೊಬ್ಬ ಕವಯಿತ್ರಿಯೂ ಅಲ್ಲಿದ್ದಳು. ಅವನ ಮಗ ವಿಜಯರಾಘವ ನಾಯಕನ ಕಾಲದಲ್ಲಿ ರಂಗಾಜಮ್ಮ 'ಮನ್ನಾರುದಾಸ ವಿಲಾಸಮು' ರಚಿಸಿದಳು. 1670ರ ದಶಕದಲ್ಲಿ ನಾಯಕರ ಆಳ್ವಿಕೆ ಮುಗಿದು ಮರಾಠರು ಬಂದರು. ಅರಸರ ಮನೆಮಾತು ಬದಲಾಯಿತು, ಆಸ್ಥಾನದಲ್ಲಿ ತೆಲುಗಿನ ಪಟ್ಟ ಹಾಗೆಯೇ ಉಳಿಯಿತು. ಮುದ್ದುಪಳನಿ ಕಣ್ಣು ಬಿಟ್ಟದ್ದು ಇಂಥ ವಾತಾವರಣದಲ್ಲಿ. ಹೆಣ್ಣೊಬ್ಬಳು ಕಾವ್ಯ ಕಟ್ಟುವುದು ಆ ಊರಿಗೆ ಹೊಸದೇನೂ ಆಗಿರಲಿಲ್ಲ.

ಮೈಸೂರಿನ ಅರಮನೆಯಲ್ಲೂ ಅದೇ ಸುಮಾರಿನಲ್ಲಿ ಇಂಥದೇ ಪರಂಪರೆಯೊಂದು ಬೆಳೆದಿತ್ತು. ಚಿಕ್ಕದೇವರಾಜ ಒಡೆಯರ (1673–1704) ರಾಣಿಯ ಬಳಿ ಸಂಚಿಯ ಊಳಿಗದಲ್ಲಿದ್ದ ಯಳಂದೂರಿನ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ಬರೆದಳು. ಅದೇ ಕಾಲದ ಶೃಂಗಾರಮ್ಮ 'ಪದ್ಮಿನೀ ಕಲ್ಯಾಣ'ದ ಕವಿ. ದೊಡ್ಡ ಕೃಷ್ಣರಾಜ ಒಡೆಯರ (1714–1732) ರಾಣಿ ಚೆಲುವಾಂಬೆ 'ವರನಂದೀ ಕಲ್ಯಾಣ'ವನ್ನು ರಚಿಸಿದಳು. ದೆಹಲಿಯ ಸುಲ್ತಾನನ ಮಗಳು ಮೇಲುಕೋಟೆಯ ಚೆಲುವರಾಯನಿಗೆ ಒಲಿದ ಕಥೆ ಅದರ ವಸ್ತು. ಹೊನ್ನಮ್ಮ ಗೃಹಿಣಿಯ ಧರ್ಮವನ್ನು ಹೇಳುತ್ತಲೇ, ತಮ್ಮನ್ನು ಹೆತ್ತು ಸಾಕಿದವಳೂ ಹೆಣ್ಣೇ ಆಗಿರುವಾಗ ಹೆಣ್ಣನ್ನು ಹೀಗಳೆಯುವುದು ಯಾವ ನ್ಯಾಯ ಎಂದು ಕೇಳಿದವಳು. ಈ ಮೂವರೂ ಅರಮನೆಯ ನೆರಳಿನಲ್ಲಿ, ಗುರುವಿನ ಅನುಗ್ರಹವನ್ನೋ ದೊರೆಯ ಆಶ್ರಯವನ್ನೋ ನೆನೆಯುತ್ತ ಬರೆದರು. ಮುದ್ದುಪಳನಿಯ ನಿಲುವು ಬೇರೆ. ಆಕೆಗೆ ಸ್ವಂತ ಮನೆಯಿತ್ತು, ಸ್ವಂತ ಸಂಪಾದನೆಯಿತ್ತು, ತನ್ನದೇ ಸಭೆಯಿತ್ತು.

ಇದಕ್ಕೆ ಗಣಿಕೆಯರ ಕುಲಪದ್ಧತಿಯೇ ಆಧಾರ. ಅಲ್ಲಿ ಆಸ್ತಿ ತಾಯಿಯಿಂದ ಮಗಳಿಗೆ ಹೋಗುತ್ತಿತ್ತು. ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದಲೇ ಓದು, ಸಂಗೀತ, ಅಭಿನಯಗಳ ಪಾಠವಾಗುತ್ತಿತ್ತು. ದತ್ತು ತೆಗೆದುಕೊಳ್ಳುವ ಹಕ್ಕೂ ಅವರಿಗಿತ್ತು. ಗೃಹಿಣಿಯರಿಗೆ ಇವು ಸಾಮಾನ್ಯವಾಗಿ ಇರಲಿಲ್ಲ. ಆ ಬದುಕಿನಲ್ಲಿ ಪುರುಷರ ಮರ್ಜಿಗೆ ಬಿದ್ದ ಪರಾಧೀನತೆಯೂ ಇತ್ತು ಎಂಬುದನ್ನು ಮರೆಯುವಂತಿಲ್ಲ. ಆದರೆ ಅಕ್ಷರ ಮತ್ತು ಆಸ್ತಿ ಎರಡೂ ಹೆಣ್ಣಿನ ಕೈಯಲ್ಲಿದ್ದ ಮನೆಗಳು ಆ ಕಾಲದ ದಕ್ಷಿಣ ಭಾರತದಲ್ಲಿ ತೀರ ವಿರಳವಾಗಿದ್ದವು. ಗಣಿಕೆಯರ ಮನೆಗಳು ಅಂಥವು.

ಕವಿ ಮತ್ತು ಕಾವ್ಯ

ಪ್ರಬಂಧ ಕಾವ್ಯಗಳಲ್ಲಿ ಕವಿ ಮೊದಲು ತನ್ನ ವಂಶವನ್ನೂ ಗುರುವನ್ನೂ ಹೇಳಿಕೊಂಡು ಆಮೇಲೆ ಕಥೆಗೆ ಬರುವುದು ರೂಢಿ. ಮುದ್ದುಪಳನಿಯೂ ಹಾಗೆಯೇ ಮಾಡುತ್ತಾಳೆ. ಆದರೆ ಆಕೆ ಹೇಳುವ ವಂಶ ಹೆಣ್ಣುಮಕ್ಕಳದು. ಅಜ್ಜಿ ತಂಜನಾಯಕಿ ಹೆಸರಾಂತ ಗಣಿಕೆ. ಈ ವಂಶಾವಳಿಯ ಜೊತೆಗೆ ಆಕೆ ತನ್ನ ಬಗ್ಗೆಯೂ ಸಂಕೋಚವಿಲ್ಲದೆ ಮಾತಾಡುತ್ತಾಳೆ. ತನ್ನ ಹಾಗೆ ವಿದ್ವಾಂಸರಿಗೆ ಧನಕನಕ ಕೊಟ್ಟು ಮನ್ನಿಸಿದ ಹೆಣ್ಣು ಇನ್ಯಾರಿದ್ದಾಳೆ, ಕವಿಗಳು ಕಾವ್ಯಗಳನ್ನು ಅಂಕಿತ ಮಾಡಿದ್ದು ತನ್ನಂಥ ಬೇರೆ ಯಾವ ಹೆಣ್ಣಿಗೆ ಎಂಬುದು ಆಕೆಯ ಮಾತಿನ ತಿರುಳು. ಅರಸರ ಬಾಯಲ್ಲಿ ಈ ಮಾತು ಬಂದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಾವ್ಯವನ್ನು ಬರೆಯುವವಳೂ ಕಾವ್ಯವನ್ನು ಸ್ವೀಕರಿಸುವವಳೂ ತಾನೇ ಎಂದು ಹೆಣ್ಣೊಬ್ಬಳು ಇಷ್ಟು ತುಂಬು ಗಂಟಲಿನಲ್ಲಿ ಹೇಳಿದ ಉದಾಹರಣೆ ಭಾರತೀಯ ಸಾಹಿತ್ಯದಲ್ಲಿ ಬಹಳ ಇಲ್ಲ. ಮುಂದೆ ಕತ್ತರಿ ಬಿದ್ದದ್ದು ಮೊದಲು ಈ ಭಾಗಕ್ಕೇ.

'ರಾಧಿಕಾ ಸಾಂತ್ವನಮು' ನಾಲ್ಕು ಭಾಗಗಳ, 584 ಪದ್ಯಗಳ ಶೃಂಗಾರ ಪ್ರಬಂಧ. 'ಇಳಾದೇವೀಯಮು' ಎಂಬ ಹೆಸರೂ ಇದಕ್ಕುಂಟು. ವ್ಯಾಸರ ಮಗ ಶುಕಮುನಿ ಜನಕರಾಜನಿಗೆ ಹೇಳುವ ಕಥೆಯಾಗಿ ಇದು ಸಾಗುತ್ತದೆ. ರಾಧೆ ತಾನು ಸಾಕಿ ಬೆಳೆಸಿದ ಇಳೆ ಎಂಬ ಹುಡುಗಿಯನ್ನು ಕೃಷ್ಣನಿಗೆ ಒಪ್ಪಿಸುತ್ತಾಳೆ. ಹೊಸ ಹೆಣ್ಣು ಹೇಗೆ ನಡೆದುಕೊಳ್ಳಬೇಕೆಂದು ಅವಳಿಗೂ, ಹೊಸ ಹೆಣ್ಣನ್ನು ಹೇಗೆ ಮೆಲ್ಲಗೆ ಒಲಿಸಿಕೊಳ್ಳಬೇಕೆಂದು ಅವನಿಗೂ ತಾನೇ ಬುದ್ಧಿ ಹೇಳುತ್ತಾಳೆ. ಹೀಗೆ ಎಲ್ಲವನ್ನೂ ಕೈಯಾರೆ ಏರ್ಪಡಿಸಿದ ಮೇಲೆ ಅವಳ ಮನಸ್ಸು ತಡೆಯುವುದಿಲ್ಲ. ಮತ್ಸರ, ಒಂಟಿತನ, ಬಯಕೆ ಒಂದಾದ ಮೇಲೊಂದು ಬಂದು ಕಾಡುತ್ತವೆ. ಕೊನೆಗೆ ಕೃಷ್ಣ ಬಂದು ಅವಳನ್ನು ಸಂತೈಸುತ್ತಾನೆ. ಕಾವ್ಯದ ಹೆಸರು ಬಂದದ್ದು ಇಲ್ಲಿಂದ.

ವಸ್ತು ಹಳೆಯದು. ಜಯದೇವನ 'ಗೀತಗೋವಿಂದ' ಬಂದಾಗಿನಿಂದ ರಾಧೆಯ ಮುನಿಸು ಭಾರತದ ಎಲ್ಲ ಭಾಷೆಗಳ ಕವಿಗಳಿಗೂ ಪರಿಚಿತ. ಹೊಸದು ಕಣ್ಣು. ಶೃಂಗಾರ ಕಾವ್ಯದಲ್ಲಿ ಸಾಮಾನ್ಯವಾಗಿ ಗಂಡು ನೋಡುತ್ತಾನೆ, ಹೆಣ್ಣು ನೋಡಿಸಿಕೊಳ್ಳುತ್ತಾಳೆ. ಮುದ್ದುಪಳನಿಯ ಕಾವ್ಯದಲ್ಲಿ ಬಯಸುವವಳು ರಾಧೆ. ಅದರಲ್ಲೂ ಅವಳು ಹರೆಯ ದಾಟಿದ ಹೆಣ್ಣು. ತನಗೆ ಏನು ಬೇಕು, ತನಗೆ ಏನು ತಪ್ಪಿತು ಎಂಬುದನ್ನು ಅವಳು ಸ್ಪಷ್ಟವಾಗಿ ಬಲ್ಲಳು. ಕೃಷ್ಣ ದೇವರಾದರೂ ಅವಳ ಮುಂದೆ ತಪ್ಪೊಪ್ಪಿಕೊಳ್ಳಬೇಕಾದ ಗಂಡು. ಮನುಷ್ಯಸಂಬಂಧವೊಂದರ ಅತಿ ಕಷ್ಟದ ಇಕ್ಕಟ್ಟನ್ನು, ಪ್ರೀತಿಯಿಂದಲೇ ಬಿಟ್ಟುಕೊಟ್ಟದ್ದಕ್ಕಾಗಿ ನೋಯುವ ಸ್ಥಿತಿಯನ್ನು, ಇಷ್ಟು ನೇರವಾಗಿ ಹಿಡಿದಿರುವುದೇ ಈ ಕಾವ್ಯದ ದೊಡ್ಡಸ್ತಿಕೆ. ಅದರ ಶೃಂಗಾರವಷ್ಟನ್ನೇ ಎತ್ತಿ ಹೇಳಿದವರು, ಹೊಗಳಿದವರಾಗಲಿ ತೆಗಳಿದವರಾಗಲಿ, ಈ ನೋವನ್ನು ಗಮನಿಸಲಿಲ್ಲ.

ಮುದ್ದುಪಳನಿ ಆಂಡಾಳಳ 'ತಿರುಪ್ಪಾವೈ'ಯನ್ನೂ ತೆಲುಗಿಗೆ ತಂದಳು. ತಮಿಳಿನ ಭಕ್ತಿಯೂ ಸಂಸ್ಕೃತದ ಶೃಂಗಾರವೂ ಒಂದೇ ಮನೆಯಲ್ಲಿ ಕೂಡಿದ ತಂಜಾವೂರಿಗೆ ಇದು ಸಹಜವಾದ ಕೆಲಸ.

ಅದೇ ಕಾಲದ ಸ್ವೀಡನ್ನಿನಲ್ಲಿ

ಪ್ರತಾಪಸಿಂಹ ತೀರಿಕೊಂಡ 1763ರಲ್ಲಿಯೇ, ಭೂಮಿಯ ಇನ್ನೊಂದು ತುದಿಯಲ್ಲಿ, ಸ್ವೀಡನ್ನಿನ ಕವಯಿತ್ರಿ ಹೆಡ್ವಿಗ್ ಶಾರ್ಲೊಟ್ಟ ನೂರ್ಡೆನ್‌ಫ್ಲಿಕ್ಟ್ ತೀರಿಕೊಂಡಳು. 1718ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಈಕೆ ಮದುವೆಯಾದ ಕೆಲವೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡಳು. ಆ ದುಃಖದ ಕವಿತೆಗಳು 1743ರಲ್ಲಿ ಅಚ್ಚಾದವು. 1753ರಲ್ಲಿ ಆರಂಭವಾದ ಒಂದು ಸಾಹಿತ್ಯ ಕೂಟಕ್ಕೆ ಸೇರಿದ ಒಬ್ಬಳೇ ಹೆಂಗಸು ಆಕೆ. ಕ್ರೌಟ್ಸ್, ಗಿಲ್ಲೆನ್‌ಬೋರಿ ಮೊದಲಾದ ತರುಣ ಕವಿಗಳು ಆಕೆಯ ಮನೆಯ ಸಭೆಗೆ ಬರುತ್ತಿದ್ದರು. ಅಲ್ಲಿ ಕವಿತೆಗಳನ್ನು ಓದಿ, ತಿದ್ದಿ, ಕೂಟದ ಹೆಸರಿನಲ್ಲಿ ಸಂಕಲನಗಳಾಗಿ ಪ್ರಕಟಿಸುತ್ತಿದ್ದರು. ಹೆಣ್ಣಿನ ಬುದ್ಧಿಯನ್ನು ಹಗುರಾಗಿ ಕಂಡ ರೂಸೋನಿಗೆ ಉತ್ತರವಾಗಿ ಆಕೆ 1761ರಲ್ಲಿ ಹೆಣ್ಣಿನ ಪರವಾಗಿ ಒಂದು ದೀರ್ಘ ಪದ್ಯ ಬರೆದಳು.

ತಂಜಾವೂರಿನವಳಿಗೂ ಸ್ಟಾಕ್‌ಹೋಮಿನವಳಿಗೂ ಪರಸ್ಪರ ಪರಿಚಯವಾಗುವ ಸಂಭವವೇ ಇರಲಿಲ್ಲ. ಆದರೂ ಇಬ್ಬರಿಗೂ ಬೇಕಾದದ್ದು ಒಂದೇ: ಬರೆದದ್ದನ್ನು ಕೇಳಿಸಿಕೊಳ್ಳುವ ಒಂದು ಬಳಗ, ಮತ್ತು ಆ ಬಳಗವನ್ನು ಕೂಡಿಸುವ ಅಧಿಕಾರ. ಸ್ವೀಡನ್ನಿನವಳಿಗೆ ಅಚ್ಚುಕೂಟ ಹತ್ತಿರವಿತ್ತು, ರಾಜ್ಯದಿಂದ ವರ್ಷಾಶನವೂ ಸಿಕ್ಕಿತು. ಆಕೆಯ ಸಮಗ್ರ ಬರಹಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿನ ವಿದ್ವಾಂಸರು ಸಂಪುಟಗಳಲ್ಲಿ ಸಂಪಾದಿಸಿ ಪ್ರಕಟಿಸಿದರು. ಮುದ್ದುಪಳನಿಯ ಕಾವ್ಯ ಹಸ್ತಪ್ರತಿಯಲ್ಲಿಯೇ ಉಳಿದು, ಅಚ್ಚಿಗೆ ಬರುವ ಹೊತ್ತಿಗೆ ಅವಳ ಕಾಲದ ಲೋಕವೇ ಅಳಿದುಹೋಗಿತ್ತು.

ಕತ್ತರಿಸಿದ ಕಾವ್ಯ

1887ರಲ್ಲಿ ಪೈಡಿಪಾಟಿ ವೆಂಕಟನರಸು ಎಂಬ ವಿದ್ವಾಂಸರು 'ರಾಧಿಕಾ ಸಾಂತ್ವನಮು'ವನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದರು. ಅವರು ತೆಲುಗು ಹಸ್ತಪ್ರತಿಗಳನ್ನು ಸಂಗ್ರಹಿಸಿದ ಸಿ. ಪಿ. ಬ್ರೌನ್ ಜೊತೆ ಕೆಲಸ ಮಾಡಿದವರು. ಕಾವ್ಯ ಅಚ್ಚಾಯಿತೇನೋ ನಿಜ. ಆದರೆ ಕವಿ ತನ್ನ ಬಗ್ಗೆ ಹೇಳಿಕೊಂಡ ಪೀಠಿಕೆಯನ್ನು ಅದರಲ್ಲಿ ಬಿಟ್ಟಿದ್ದರು, ಕೆಲವು ಪದ್ಯಗಳನ್ನೂ ಕೈಬಿಟ್ಟಿದ್ದರು. ಅಜ್ಜಿಯ ಹೆಸರಿಲ್ಲದ, ಸಭೆಯ ಸುದ್ದಿಯಿಲ್ಲದ, ಬರೆದವಳು ಯಾರೆಂದೇ ತಿಳಿಯದ ಒಂದು ಪುಸ್ತಕ ಓದುಗರ ಕೈ ಸೇರಿತು.

ತೆಲುಗಿನ ಸಮಾಜ ಸುಧಾರಕ, ದೊಡ್ಡ ಲೇಖಕ ಕಂದುಕೂರಿ ವೀರೇಶಲಿಂಗಂ ಪಂತುಲು ತಮ್ಮ ಕವಿಚರಿತ್ರೆಯಲ್ಲಿ ಮುದ್ದುಪಳನಿಯ ಶೈಲಿಯ ಸೊಗಸನ್ನು ಒಪ್ಪಿಕೊಂಡರೂ, ಹೆಣ್ಣು ಬರೆಯಬಾರದ್ದನ್ನು, ಕೇಳಬಾರದ್ದನ್ನು ಬರೆದಿದ್ದಾಳೆಂದು ಕಟುವಾಗಿ ಖಂಡಿಸಿದರು. ವಿಧವಾ ವಿವಾಹಕ್ಕಾಗಿ, ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಹೋರಾಡಿದ ವೀರೇಶಲಿಂಗಂ ಅವರ ಋಣ ತೆಲುಗು ನಾಡಿನ ಮೇಲೆ ಬಹಳವಿದೆ. ಆದರೆ ಸುಧಾರಣೆಯ ಆ ಕಾಲ ಹೆಣ್ಣನ್ನು ಮೇಲೆತ್ತಲು ಹೊರಟಾಗ ಒಂದು ಬಗೆಯ ಹೆಣ್ಣನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿತ್ತು. ಮದರಾಸಿನಲ್ಲಿ 1890ರ ದಶಕದಲ್ಲಿ ಗಣಿಕೆಯರ ನೃತ್ಯವನ್ನು ವಿರೋಧಿಸುವ 'ನಾಚ್ ವಿರೋಧಿ' ಚಳವಳಿ ಬಲವಾಯಿತು. 1909ರಲ್ಲಿ ಮೈಸೂರು ಸಂಸ್ಥಾನ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅದರ ಮರುವರ್ಷ ನಾಗರತ್ನಮ್ಮ ಮುದ್ದುಪಳನಿಯ ಪುಸ್ತಕವನ್ನು ಹೊರತಂದರು. ಅದಕ್ಕಿಂತ ಪ್ರತಿಕೂಲವಾದ ಗಳಿಗೆ ಇನ್ನೊಂದಿರಲಿಲ್ಲ.

ನಂಜನಗೂಡಿನ ನಾಗರತ್ನಮ್ಮ

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು, ಕಪಿಲಾ ನದಿಯ ದಂಡೆಯ ನಂಜನಗೂಡಿನಲ್ಲಿ. ಈ ಕಪಿಲೆಯೇ ಕಬಿನಿ. ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಕನ್ನಡ ನಾಡಿಗೆ ಬರುವ ಹೊಳೆ ಇದು. ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರಿ, ತಂಜಾವೂರಿನ ಬಳಿಯ ತಿರುವೈಯಾರಿನ ಮುಂದೆ ಹರಿಯುತ್ತದೆ. ನಾಗರತ್ನಮ್ಮನವರ ಬದುಕೂ ಇದೇ ಹರಿವಿನಲ್ಲಿ, ನಂಜನಗೂಡಿನಿಂದ ತಿರುವೈಯಾರಿಗೆ ಸಾಗಿತು.

ತಾಯಿ ದೇವದಾಸಿ ಕುಲದ ಪುಟ್ಟಲಕ್ಷ್ಮಿ. ಮಗಳ ಹೊಣೆಯನ್ನೆಲ್ಲ ಹೊತ್ತವಳು ಆಕೆಯೇ. ಮೈಸೂರಿನಲ್ಲಿ ಗಿರಿಭಟ್ಟ ತಿಮ್ಮಯ್ಯನವರ ಬಳಿ ಹುಡುಗಿಗೆ ಸಂಸ್ಕೃತ ಪಾಠವಾಯಿತು. ಆಮೇಲೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರ ಬಳಿ ಸಂಗೀತ. ಮುನಿಸ್ವಾಮಪ್ಪ ವಾಗ್ಗೇಯಕಾರ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಹೀಗೆ ನಾಗರತ್ನಮ್ಮನವರಿಗೂ ತ್ಯಾಗರಾಜರಿಗೂ ನಂಟು ಬೆಳೆದದ್ದು ಕನ್ನಡ ನಾಡಿನಲ್ಲೇ. ಹದಿಹರೆಯದಲ್ಲಿಯೇ ಮೈಸೂರು ಅರಮನೆಯಲ್ಲಿ ಹಾಡಿ ಮೆಚ್ಚುಗೆ ಪಡೆದರು. ಬೆಂಗಳೂರಿನಲ್ಲಿದ್ದಾಗ ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ನರಹರಿರಾಯರು ಅವರಿಗೆ ಬೆಂಬಲವಾಗಿದ್ದರು. ನರಹರಿರಾಯನ ಗುಡ್ಡ ಎಂದು ಇಂದಿಗೂ ಬೆಂಗಳೂರಿನವರು ಕರೆಯುವುದು ಅವರ ಹೆಸರಿನಿಂದಲೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಗರತ್ನಮ್ಮ ಮದರಾಸಿಗೆ ಹೋಗಿ ನೆಲೆಸಿದರು. ಕಛೇರಿ, ಹರಿಕಥೆಗಳಿಂದ ಹೆಸರನ್ನೂ ಹಣವನ್ನೂ ಸಂಪಾದಿಸಿದರು. ಊರು ಬಿಟ್ಟರೂ ಹೆಸರಿನ ಹಿಂದಿನ ಬೆಂಗಳೂರು ಅವರನ್ನು ಬಿಡಲಿಲ್ಲ. ಕನ್ನಡ, ಸಂಸ್ಕೃತ, ತೆಲುಗು, ತಮಿಳು ನಾಲ್ಕೂ ಅವರಿಗೆ ಬರುತ್ತಿದ್ದವು.

ತಂಜಾವೂರಿನ ಕಾಲದ ತೆಲುಗು ಸಾಹಿತ್ಯವನ್ನು ಓದುವಾಗ ಅವರಿಗೆ ಮುದ್ದುಪಳನಿಯ ಹೆಸರು ಸಿಕ್ಕಿತು. ಪುಸ್ತಕಕ್ಕಾಗಿ ಹುಡುಕಿದರು. ಕಷ್ಟಪಟ್ಟು ಅಚ್ಚಾದ ಪ್ರತಿಯನ್ನು ದೊರಕಿಸಿಕೊಂಡರು, ಆಮೇಲೆ ಹಸ್ತಪ್ರತಿಯೂ ಕೈಗೆ ಬಂತು. ಎರಡನ್ನೂ ಹೋಲಿಸಿದಾಗ ಅಚ್ಚಿನಲ್ಲಿ ಏನೇನು ಬಿಟ್ಟುಹೋಗಿದೆ ಎಂಬುದು ತಿಳಿಯಿತು. ಪೂರ್ಣ ಪಾಠವನ್ನು ಸಿದ್ಧಪಡಿಸಿ 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಪ್ರಕಾಶನದಿಂದ ಪ್ರಕಟಿಸಿದರು. ಎಷ್ಟು ಸಲ ಓದಿದರೂ ಮತ್ತೆ ಓದಬೇಕೆನಿಸುವ ಈ ಕಾವ್ಯವನ್ನು ಬರೆದವಳು ಒಬ್ಬ ಹೆಣ್ಣು, ಅದೂ ತಮ್ಮ ಕುಲದವಳು, ಆದ್ದರಿಂದ ಅದನ್ನು ಸರಿಯಾದ ರೂಪದಲ್ಲಿ ಹೊರತರುವುದು ತಮ್ಮ ಕರ್ತವ್ಯ ಎಂದು ಅವರು ಮುನ್ನುಡಿಯಲ್ಲಿ ತಿಳಿಸಿದರು.

ವೀರೇಶಲಿಂಗಂ ಅವರಿಗೆ ಅವರು ಕೊಟ್ಟ ಉತ್ತರ ಇನ್ನೂ ಹರಿತವಾಗಿದೆ. ನಾಚಿಕೆ ಎಂಬ ಗುಣ ಹೆಂಗಸರಿಗೆ ಮಾತ್ರವೇ ಮೀಸಲೇ, ಗಂಡಸರಿಗೆ ಇಲ್ಲವೇ ಎಂದು ಅವರು ಕೇಳಿದರು. ಗಣಿಕೆ ಬರೆದಳೆಂಬ ಕಾರಣಕ್ಕೆ ಶೃಂಗಾರ ಅಸಭ್ಯವಾಗುವುದಾದರೆ, ಗೌರವಸ್ಥ ಪಂಡಿತರು ಅದೇ ಶೃಂಗಾರವನ್ನು ಬರೆದದ್ದು ಹೇಗೆ ಸಭ್ಯವಾಯಿತು? ವೀರೇಶಲಿಂಗಂ ಅವರದೇ ಒಂದು ಕೃತಿಯಲ್ಲಿ ಇದಕ್ಕಿಂತ ದಪ್ಪನೆಯ ವರ್ಣನೆಗಳಿವೆ ಎಂದು ಬೆರಳಿಟ್ಟು ತೋರಿಸಿದರು. ನಾಡಿನ ಅತಿ ಪ್ರತಿಷ್ಠಿತ ಲೇಖಕರೊಬ್ಬರ ಜೊತೆ, ಅವರದೇ ಪುಸ್ತಕವನ್ನು ಮುಂದಿಟ್ಟುಕೊಂಡು, ಹೀಗೆ ವಾದ ಹೂಡಲು ಬರಿಯ ಧೈರ್ಯ ಸಾಲದು. ಮೂಲ ಗ್ರಂಥಗಳ ಮೇಲೆ ಹಿಡಿತವಿರಬೇಕು. ನಾಗರತ್ನಮ್ಮನವರಿಗೆ ಅದು ಇತ್ತು.

ನಿಷೇಧ

ಪುಸ್ತಕ ಹೊರಬಂದ ಕೂಡಲೇ ಪತ್ರಿಕೆಗಳಲ್ಲಿ ದೂರು ಹತ್ತಿಕೊಂಡಿತು. ಬರೆದವಳು ಗಣಿಕೆ, ಸಂಪಾದಿಸಿದವಳೂ ಅದೇ ಜಾತಿಯವಳು ಎಂಬುದೇ ಟೀಕೆಯ ಮುಖ್ಯ ಅಂಶವಾಯಿತು. ಸರ್ಕಾರದ ತೆಲುಗು ಅನುವಾದಕರು ಆಕ್ಷೇಪಾರ್ಹ ಪದ್ಯಗಳನ್ನು ಗುರುತಿಸಿ ಕೊಟ್ಟರು. 1911ರಲ್ಲಿ ಪೊಲೀಸರು ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡರು. ಪ್ರಕಾಶಕರು ವಾದಿಸಿದರು. ಪ್ರಾಚೀನ ಸಾಹಿತ್ಯವನ್ನು ಹೀಗೆ ತೀರ್ಮಾನಿಸುವುದು ಅನ್ಯಾಯವೆಂದು ಹಲವು ಪಂಡಿತರೂ ಮನವಿ ಸಲ್ಲಿಸಿದರು. ಸರ್ಕಾರ ಒಪ್ಪಲಿಲ್ಲ. ಆಂಗ್ಲ ಅಧಿಕಾರಿಗಳ ಅಶ್ಲೀಲತೆಯ ಕಲ್ಪನೆಯೂ ದೇಶೀ ಸುಧಾರಕರ ಸಭ್ಯತೆಯ ಕಲ್ಪನೆಯೂ ಇಲ್ಲಿ ಕೈಜೋಡಿಸಿದವು. ನಿಷೇಧಕ್ಕೆ ಒಳಗಾದ ಬೇರೆ ಶೃಂಗಾರ ಗ್ರಂಥಗಳೂ ಇದ್ದವು. ಆದರೆ ಈ ಪುಸ್ತಕದ ಮೇಲೆ ಎರಗಿದ ಕೋಪಕ್ಕೆ ಪದ್ಯಗಳಷ್ಟೇ ಕಾರಣವಾಗಿರಲಿಲ್ಲ, ಅದರ ಮುಖಪುಟದ ಮೇಲಿದ್ದ ಎರಡು ಹೆಣ್ಣು ಹೆಸರುಗಳೂ ಕಾರಣ.

ಸ್ವಾತಂತ್ರ್ಯ ಬರುವ ವರ್ಷ, 1947ರಲ್ಲಿ, ಮದರಾಸು ಪ್ರಾಂತ್ಯದ ಪ್ರಧಾನಿಯಾಗಿದ್ದ ಟಂಗುಟೂರಿ ಪ್ರಕಾಶಂ ಪಂತುಲು ಅವರ ಕಾಲದಲ್ಲಿ ನಿಷೇಧ ತೆರವಾಯಿತು. 1952ರಲ್ಲಿ ವಾವಿಳ್ಳ ಸಂಸ್ಥೆ ಹೊಸ ಮುದ್ರಣ ತಂದಿತು. 1991ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ ಭಾರತೀಯ ಲೇಖಕಿಯರ ಇಂಗ್ಲಿಷ್ ಸಂಕಲನ ಮುದ್ದುಪಳನಿಯ ಪ್ರಸಂಗವನ್ನೇ ತನ್ನ ಪ್ರಸ್ತಾವನೆಯ ಪ್ರಮುಖ ಉದಾಹರಣೆಯಾಗಿ ಎತ್ತಿಕೊಂಡಿತು. ಆಮೇಲೆ ವಿದ್ವತ್ ಲೋಕದಲ್ಲಿ ಈ ಹೆಸರು ಮತ್ತೆ ಮರೆಯಾಗಲಿಲ್ಲ.

ತಿರುವೈಯಾರು

1921ರಲ್ಲಿ ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರಿಂದ ನಾಗರತ್ನಮ್ಮನವರಿಗೆ ಒಂದು ಕಾಗದ ಬಂತು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂಬುದು ಅದರ ವಿಷಯ. ನಾಗರತ್ನಮ್ಮ ತಮ್ಮ ಸಂಪಾದನೆಯನ್ನು ಈ ಕೆಲಸಕ್ಕೆ ತೊಡಗಿಸಿದರು. ಅದೇ ವರ್ಷ ಅಡಿಗಲ್ಲು ಬಿತ್ತು. 1925ರ ಜನವರಿಯಲ್ಲಿ ಗುಡಿಯ ಪ್ರತಿಷ್ಠೆಯಾಯಿತು. ಒಡವೆ, ಮನೆ, ಉಳಿತಾಯ ಎಲ್ಲವೂ ಇದಕ್ಕೆ ಕರಗಿದವು.

ಆದರೆ ಆ ಗುಡಿಯ ಮುಂದೆ ವರ್ಷವರ್ಷವೂ ನಡೆಯುವ ತ್ಯಾಗರಾಜರ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಉತ್ಸವ ನಡೆಸುತ್ತಿದ್ದ ಪಕ್ಷಗಳು ಅವರಿಗೆ ಅವಕಾಶ ಕೊಡಲಿಲ್ಲ. ನಾಗರತ್ನಮ್ಮ ಅಲ್ಲಿಯೂ ವಾದಿಸಿದರು. ವಾದ ಫಲಿಸದಿದ್ದಾಗ 1927ರಿಂದ ಗುಡಿಯ ಹಿಂಬದಿಯಲ್ಲಿ ಹೆಂಗಸರದೇ ಒಂದು ಆರಾಧನೆಯನ್ನು ಆರಂಭಿಸಿದರು. ಪುರುಷರ ಎರಡು ಪಕ್ಷಗಳ ಜೊತೆ ಇದು ಮೂರನೆಯ ಪಕ್ಷವೆನಿಸಿತು. 1940ರ ಹೊತ್ತಿಗೆ ಪಕ್ಷಗಳು ಒಂದಾಗಿ, ಮುಂದಿನ ವರ್ಷದಿಂದ ಹೆಂಗಸರೂ ಸೇರಿ ಹಾಡತೊಡಗಿದರು. ಇಂದು ಪುಷ್ಯ ಬಹುಳ ಪಂಚಮಿಯಂದು ಪಂಚರತ್ನ ಕೀರ್ತನೆಗಳನ್ನು ಗಾಯಕ ಗಾಯಕಿಯರೆಲ್ಲ ಒಟ್ಟಾಗಿ ಕುಳಿತು ಹಾಡುವುದು ಎಷ್ಟು ಸಹಜವೆನಿಸುತ್ತದೆಂದರೆ, ಅದನ್ನು ಒಬ್ಬರು ಪಟ್ಟು ಹಿಡಿದು ಗಳಿಸಬೇಕಾಯಿತು ಎಂಬುದು ನೆನಪಿಗೇ ಬರುವುದಿಲ್ಲ.

ದೇವದಾಸಿ ಪದ್ಧತಿಯ ನಿಷೇಧಕ್ಕಾಗಿ ಮುತ್ತುಲಕ್ಷ್ಮೀ ರೆಡ್ಡಿ ಅವರು ಮದರಾಸು ಶಾಸನಸಭೆಯಲ್ಲಿ ಪ್ರಯತ್ನ ಆರಂಭಿಸಿದಾಗ, ನಾಗರತ್ನಮ್ಮ ತಮ್ಮ ಕುಲದವರ ಸಂಘದ ಪರವಾಗಿ ನಿಂತರು. ಕಲಾವಿದೆಯರನ್ನೂ ವೇಶ್ಯೆಯರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ನಮಗೂ ಓದು ಕಲಿಸಿ ಎಂಬುದು ಅವರ ಬೇಡಿಕೆಯ ಸಾರ. ಮುತ್ತುಲಕ್ಷ್ಮೀ ರೆಡ್ಡಿ ಅವರ ಪಕ್ಷದಲ್ಲಿ ನ್ಯಾಯವಿತ್ತು, ಬಾಲೆಯರನ್ನು ಗುಡಿಗೆ ಬಿಡುವ ಪದ್ಧತಿ ನಿಲ್ಲಲೇಬೇಕಿತ್ತು. ಆದರೆ ಆ ಪದ್ಧತಿಯ ಜೊತೆಗೆ ಒಂದು ವಿದ್ಯಾಪರಂಪರೆಯೂ ಕೊಚ್ಚಿಹೋಗುತ್ತದೆ ಎಂಬ ನಾಗರತ್ನಮ್ಮನವರ ಆತಂಕ ಸುಳ್ಳಾಗಲಿಲ್ಲ.

ಬರಹಗಾರ್ತಿಯಾಗಿಯೂ ಅವರು ಸುಮ್ಮನಿರಲಿಲ್ಲ. ತೆಲುಗಿನಲ್ಲಿ 'ಪಂಚೀಕರಣ ಭೌತಿಕಮು', ಸಂಸ್ಕೃತದಲ್ಲಿ ತ್ಯಾಗರಾಜರ ಅಷ್ಟೋತ್ತರ ನಾಮಾವಳಿಯನ್ನು ರಚಿಸಿದರು. ತಮ್ಮ ಉಯಿಲಿನಲ್ಲಿ ಆಸ್ತಿಯನ್ನು ತ್ಯಾಗರಾಜರ ಸನ್ನಿಧಿಗೆ ಬಿಟ್ಟು, ದೇವದಾಸಿ ಕುಲದವರೂ ಸೇರಿದಂತೆ ಹೆಂಗಸರಿಗೆ ಅಲ್ಲಿ ಪೂಜೆಗೆ, ಹಾಡಲು ಅಡ್ಡಿ ಮಾಡಕೂಡದೆಂದು ಷರತ್ತು ಬರೆದರು. 1952ರ ಮೇ 19ರಂದು ತಿರುವೈಯಾರಿನಲ್ಲಿಯೇ ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಹತ್ತಿರವೇ ಅವರ ಸಮಾಧಿ ಇದೆ.

ಕನ್ನಡದಲ್ಲಿ ನಾಗರತ್ನಮ್ಮನವರ ಹೆಸರು ಬಂದಾಗಲೆಲ್ಲ ತಿರುವೈಯಾರಿನ ಗುಡಿಯ ಮಾತೇ ಮುಂದೆ ಬರುತ್ತದೆ. ಅದು ದೊಡ್ಡ ಕೆಲಸವೇ. ಆದರೆ ಹಸ್ತಪ್ರತಿ ಹುಡುಕಿ, ಪಾಠ ಸರಿಪಡಿಸಿ, ಕವಿಯ ಪೀಠಿಕೆಯನ್ನು ಮರಳಿ ಸೇರಿಸಿ, ಮುನ್ನುಡಿಯಲ್ಲಿ ವಿಮರ್ಶಕರಿಗೆ ಆಧಾರಸಹಿತ ಉತ್ತರ ಕೊಟ್ಟ 1910ರ ಆ ಪುಸ್ತಕ ಅದಕ್ಕಿಂತ ಕಡಿಮೆಯದಲ್ಲ. ಕನ್ನಡ ನಾಡಿನ ಗ್ರಂಥಸಂಪಾದಕರ ಚರಿತ್ರೆಯನ್ನು ಬರೆಯುವವರು ನಂಜನಗೂಡಿನ ಈ ಹೆಣ್ಣುಮಗಳಿಗೆ ಅದರಲ್ಲಿ ಒಂದು ಅಧ್ಯಾಯ ಕೊಡಬೇಕು.